ನೂರು ಅಡಿಯಿಂದ ಬಿದ್ದರೂ ಮೀಸೆ ಮಣ್ಣಾಗಲಿಲ್ಲ

ಹಳೆಯ ಗೇಮ್ ಪತ್ರಿಕೆ ಯಾವುದೇ ಕೈಗೆ ಸಿಗಲಿ, ನಾನು ಮೊದಲು ಹುಡುಕುವುದು ಓದುಗರ ಪತ್ರಗಳ ಪುಟ. ಮುಖಪುಟದ ಡ್ರಾಗನ್ ಆಮೇಲೆ ನೋಡಿದರಾಯಿತು. ದೊಡ್ಡ ಲೇಖನಗಳು ಇನ್ನೂ ಆಮೇಲೆ. ಮೊದಲು ಜಗಳ ಎಲ್ಲಿ ನಡೆಯುತ್ತಿದೆ ಅಂತ ಗೊತ್ತಾಗಬೇಕು.

ಈ ಜಗಳಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಬೀಳುವುದರ ಬಗ್ಗೆ ನಡೆದದ್ದು. ಹೌದು, ಸುಮ್ನೆ ಮೇಲಿನಿಂದ ಕೆಳಗೆ ಬೀಳುವುದು.

ಡಂಜನ್ಸ್ ಅಂಡ್ ಡ್ರಾಗನ್ಸ್ ಅಂದರೆ ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಆಡುವ ಕತೆಯ ಆಟ. ಅದರಲ್ಲಿ ಪ್ರತಿ ಪಾತ್ರಕ್ಕೂ ಹಿಟ್ ಪಾಯಿಂಟ್ ಅಂತ ಒಂದು ಲೆಕ್ಕ ಇರುತ್ತದೆ. ಪೆಟ್ಟು ಬಿದ್ದಂತೆಲ್ಲ ಅದು ಇಳಿಯುತ್ತದೆ. ಸೊನ್ನೆಗೆ ಬಂದರೆ ಆಸಾಮಿಯ ಕತೆ ಮುಗಿಯಿತು. ಹಾಗಾದರೆ ಎತ್ತರದಿಂದ ಬಿದ್ದವನಿಗೆ ಎಷ್ಟು ಪೆಟ್ಟು? ರೂಲ್‌ಬುಕ್ಕಿನ ಉತ್ತರ ಸರಳ. ಪ್ರತಿ 10 ಅಡಿಗೆ ಒಂದರಂತೆ 6 ಮುಖದ ದಾಳ ಉರುಳಿಸಿ, ಬಂದ ಗರವನ್ನೆಲ್ಲ ಕೂಡಿಸಿ. 20 ದಾಳ ದಾಟುವುದು ಬೇಡ. 100 ಅಡಿಯಿಂದ ಬಿದ್ದರೆ 10 ದಾಳ. ಸರಾಸರಿ ಹಿಡಿದರೆ 35ರ ಆಸುಪಾಸು ಪೆಟ್ಟು. ಗ್ರಹಚಾರ ಕೆಟ್ಟು ಎಲ್ಲ ದಾಳದಲ್ಲೂ ಆರೇ ಬಿದ್ದರೆ 60. ಆದರೆ ವರ್ಷಗಟ್ಟಲೆ ಆಡಿ ಬೆಳೆಸಿದ ಯೋಧನ ಹತ್ತಿರ 70-80 ಪಾಯಿಂಟ್ ಇರುವುದು ಮಾಮೂಲು. ಅವನಿಗೆ ಇದು ಗೊತ್ತು. ಅಂದರೆ ಅವನನ್ನು ಆಡಿಸುತ್ತಿರುವವರಿಗೆ ಗೊತ್ತು. ಹಾಗಾಗಿ ಕೋಟೆಯ ಗೋಡೆ ಇಳಿಯಲು ಹಗ್ಗ ಯಾಕೆ, ಹಾರಿದರಾಯಿತು! ಹಾರುತ್ತಾನೆ, ಬೀಳುತ್ತಾನೆ, ಎದ್ದು ಧೂಳು ಕೊಡವಿಕೊಂಡು ನಡೆದು ಹೋಗುತ್ತಾನೆ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ.

ಇದು ಹಲವರ ಹೊಟ್ಟೆ ಉರಿಸಿತು. 1983ರ ಆರಂಭದಲ್ಲಿ, ಆಟದ ಕಂಪನಿಯೇ ತರುತ್ತಿದ್ದ ಡ್ರಾಗನ್ ಪತ್ರಿಕೆಯಲ್ಲಿ ಒಂದು ತಿದ್ದುಪಡಿ ಬಂತು. ನಿಯಮದ ಮೂಲ ಉದ್ದೇಶವೇ ಬೇರೆ ಇತ್ತು, ದಾಳಗಳು ಕೂಡುತ್ತಾ ಹೋಗಬೇಕು ಅಂತ. ಮೊದಲ 10 ಅಡಿಗೆ ಒಂದು, ಮುಂದಿನ 10ಕ್ಕೆ ಎರಡು, ಅದರ ಮುಂದಿನದಕ್ಕೆ ಮೂರು. ಹೀಗೆ ಹೋದರೆ 30 ಅಡಿಗೇ 6 ದಾಳ. 60 ಅಡಿಗೆ 20ರ ಗಡಿ ಮುಟ್ಟಿ ಆಯಿತು. ಸರಿ, ಈಗ ಇನ್ನೊಂದು ಗುಂಪು ಎದ್ದಿತು. 1984ರ ಆಗಸ್ಟ್‌ನ 88ನೇ ಸಂಚಿಕೆಯಲ್ಲಿ ಒಂದಲ್ಲ, ಎರಡು ಲೇಖನ. ಒಂದು ಭೌತಶಾಸ್ತ್ರದ ಸೂತ್ರ ಹಿಡಿದು ಹೊಸ ಲೆಕ್ಕ ಕೊಟ್ಟಿತು. ಇನ್ನೊಂದು ಅದೇ ಭೌತಶಾಸ್ತ್ರ ಹಿಡಿದು ಹಳೆಯ ನಿಯಮವೇ ಸರಿ ಅಂದಿತು. ಎರಡನೆಯವರ ವಾದ ಇಷ್ಟೇ: ಪೆಟ್ಟು ಕೊಡುವುದು ಚಲನಶಕ್ತಿ. ನೆಲ ಮುಟ್ಟುವಾಗ ಅದು ಎಷ್ಟಿರುತ್ತದೆ ಅನ್ನುವುದು ಬಿದ್ದ ಎತ್ತರಕ್ಕೆ ನೇರ ಅನುಪಾತದಲ್ಲಿರುತ್ತದೆ. ಎತ್ತರ ಇಮ್ಮಡಿಯಾದರೆ ಶಕ್ತಿ ಇಮ್ಮಡಿ. ಹಾಗಾದರೆ 10 ಅಡಿಗೊಂದು ದಾಳ ಅನ್ನುವುದರಲ್ಲಿ ತಪ್ಪೇನಿದೆ?

ಲೆಕ್ಕ ಹಾಕಿ ನೋಡಿದೆ. ಗಾಳಿಯ ತಡೆ ಬಿಟ್ಟರೆ ಈ ಮಾತು ನಿಜ. ಆದರೆ ನನ್ನ ಗಮನ ಹೋದದ್ದು ಬೇರೆ ಕಡೆ. ಅದೇ ಪತ್ರಿಕೆಯ ಪುಟಗಳಲ್ಲಿ ಬಾಯಿಂದ ಬೆಂಕಿ ಉಗುಳುವ ಪ್ರಾಣಿಗಳಿವೆ. ಸತ್ತವರನ್ನು ಎಬ್ಬಿಸುವ ಮಂತ್ರಗಳಿವೆ. ಅದರ ಬಗ್ಗೆ ಯಾರ ತಕರಾರೂ ಇಲ್ಲ. ಬೀಳುವುದು ಮಾತ್ರ ನ್ಯೂಟನ್ ಹೇಳಿದಂತೆಯೇ ಆಗಬೇಕು!

ಇಂಥ ಹಟಗಳು ಒಂದೆರಡಲ್ಲ. ಆಟದಲ್ಲಿ 10 ನಾಣ್ಯಕ್ಕೆ ಒಂದು ಪೌಂಡ್ ತೂಕ ಅಂತ ಒಂದು ನಿಯಮವಿತ್ತು. ಹಾಗಾದರೆ ಒಂದು ಪೆಟ್ಟಿಗೆಯಲ್ಲಿ ಎಷ್ಟು ನಾಣ್ಯ ಹಿಡಿಸುತ್ತದೆ ಅಂತ ಲೋಹಗಳ ಸಾಂದ್ರತೆ ಹಿಡಿದು ಪುಟಗಟ್ಟಲೆ ಲೆಕ್ಕ. ನಿಮ್ಮ ದಾಳ ಮೋಸ ಮಾಡುತ್ತಿದೆಯಾ ಅಂತ ಕಂಡುಹಿಡಿಯಲು ಸಂಖ್ಯಾಶಾಸ್ತ್ರದ ಕೈ-ಸ್ಕ್ವೇರ್ ಪರೀಕ್ಷೆ ಹೇಳಿಕೊಡುವ ಲೇಖನ. ಡ್ವಾರ್ಫ್ ಅನ್ನುವ ಕುಳ್ಳ ಜನಾಂಗದ ಹೆಂಗಸರಿಗೆ ಗಡ್ಡ ಇದೆಯಾ ಇಲ್ಲವಾ ಅನ್ನುವ ವಾದವಂತೂ ವರ್ಷಗಟ್ಟಲೆ ಎಳೆಯಿತು. ಓದುತ್ತಾ ನಗು ಬರುತ್ತದೆ. ಸ್ವಲ್ಪ ಹೊತ್ತಿನ ಮೇಲೆ, ಈ ಜನ ಅದೆಷ್ಟು ಪ್ರೀತಿಯಿಂದ ಜಗಳವಾಡುತ್ತಿದ್ದರು ಅಂತ ಹೊಟ್ಟೆಕಿಚ್ಚೂ ಬರುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದು ನನ್ನ ಬಾಲ್ಯದ ನೆನಪಲ್ಲ. ಈ ಪತ್ರಿಕೆಗಳು ಬರುತ್ತಿದ್ದ ಕಾಲಕ್ಕೆ ನನಗೆ ಇಂಥ ಆಟ ಇದೆ ಅಂತಲೇ ಗೊತ್ತಿರಲಿಲ್ಲ. ಆಡಲು ಶುರು ಮಾಡಿದ್ದು ತುಂಬಾ ತಡವಾಗಿ. ಹಳೆಯ ಸಂಚಿಕೆಗಳ ಒಂದು ಕಟ್ಟು ಕೈಗೆ ಬಂದದ್ದು ಅದಕ್ಕಿಂತ ತಡವಾಗಿ. ಹಾಗಾಗಿ ಇದು ಬೇರೆಯವರ ಮನೆಯ ಅಟ್ಟ ಹತ್ತಿ ಅವರ ಹಳೆಯ ಕಾಗದ ಪತ್ರ ಓದಿದ ಹಾಗೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ನಾಲ್ಕೈದು ಜನ ಮೇಜಿನ ಸುತ್ತ ಕೂರುತ್ತಾರೆ. ಒಬ್ಬರು ಕತೆ ನಡೆಸುತ್ತಾರೆ. ಉಳಿದವರು ಒಂದೊಂದು ಪಾತ್ರ. ‘ಬಾಗಿಲು ತೆರೆಯುತ್ತೇನೆ’ ಅಂತ ಒಬ್ಬ ಹೇಳುತ್ತಾನೆ. ಒಳಗೆ ಏನಿದೆ ಅಂತ ಕತೆ ನಡೆಸುವವರು ಹೇಳುತ್ತಾರೆ. ಅನುಮಾನ ಬಂದಲ್ಲಿ ದಾಳ ತೀರ್ಮಾನ ಮಾಡುತ್ತದೆ. ಗೆಲ್ಲುವುದು ಸೋಲುವುದು ಅಂತ ಕೊನೆಯಲ್ಲಿ ಏನೂ ಇಲ್ಲ. ಕತೆ ಮುಂದುವರಿಯುತ್ತದೆ, ಅಷ್ಟೆ.

1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ಈ ಆಟ ಮೊದಲು ಹೊರಬಂದಾಗ ಒಂದು ಪೆಟ್ಟಿಗೆಯಲ್ಲಿ ಮೂರು ಸಣ್ಣ ಪುಸ್ತಕ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಅನ್ನುವ ಪುಟ್ಟ ಊರಲ್ಲಿ ಗೈಗ್ಯಾಕ್ಸ್ ಮತ್ತು ಗೆಳೆಯರು ಕಟ್ಟಿಕೊಂಡ ಟಿಎಸ್‌ಆರ್ ಕಂಪನಿ ಮೊದಲ ಸಲ 1000 ಪ್ರತಿ ಅಚ್ಚು ಹಾಕಿಸಿತ್ತು. ಅದನ್ನು ಬರೆದವರು ಯುದ್ಧದ ಆಟಗಳಲ್ಲಿ ಮುಳುಗಿದ್ದವರು. ಓದುವವರಿಗೂ ಅದೆಲ್ಲ ಗೊತ್ತಿರುತ್ತದೆ ಅಂದುಕೊಂಡು ಬರೆದಿದ್ದರು. ಕಾದಾಟದ ನಿಯಮಕ್ಕೆ ತಮ್ಮದೇ ಇನ್ನೊಂದು ಹಳೆಯ ಪುಸ್ತಕ ನೋಡಿಕೊಳ್ಳಿ ಅಂತ ಹೇಳಿಬಿಟ್ಟಿದ್ದರು. ಆ ಹಳೆಯ ಪುಸ್ತಕ ಎಲ್ಲರ ಹತ್ತಿರ ಎಲ್ಲಿಂದ ಬರಬೇಕು? ಪೆಟ್ಟಿಗೆ ಕೊಂಡವರು ಓದಿದರು, ತಲೆ ಕೆರೆದುಕೊಂಡರು, ಆಮೇಲೆ ತಮಗೆ ತೋಚಿದಂತೆ ಆಡಿದರು.

ನನ್ನ ಪ್ರಕಾರ ಪತ್ರಿಕೆಗಳು ಹುಟ್ಟಿದ್ದು ಆ ತಲೆ ಕೆರೆತದಿಂದ.

1975ರ ಆರಂಭದಲ್ಲಿ ಟಿಎಸ್‌ಆರ್ ‘ದಿ ಸ್ಟ್ರಾಟೆಜಿಕ್ ರಿವ್ಯೂ’ ಅಂತ ಕೆಲವೇ ಹಾಳೆಗಳ ಒಂದು ಸುದ್ದಿಪತ್ರ ಶುರು ಮಾಡಿತು. ಬಂದದ್ದು ಒಟ್ಟು 7 ಸಂಚಿಕೆ. ಆದರೆ ಆ 7ರಲ್ಲಿ ಏನೇನಿದೆ ನೋಡಿ. ಆಕ್ಟೋಪಸ್ ತಲೆಯ ಮೈಂಡ್ ಫ್ಲೇಯರ್ ಮೊದಲ ಸಂಚಿಕೆಯಲ್ಲೇ ಇದ್ದಾನೆ. ಕಾಡು ಸುತ್ತುವ ರೇಂಜರ್ ಎರಡನೆಯದರಲ್ಲಿ. ಹಾಡುಗಾರ ಬಾರ್ಡ್ ಆರನೆಯದರಲ್ಲಿ. ಒಳ್ಳೆಯತನ-ಕೆಟ್ಟತನ ಒಂದು ಗೆರೆ, ಕಟ್ಟುಪಾಡು-ಸ್ವೇಚ್ಛೆ ಇನ್ನೊಂದು ಗೆರೆ ಅಂತ ಪಾತ್ರಗಳ ಗುಣ ಅಳೆಯುವ ಚೌಕ ಇದೆಯಲ್ಲ, ಆಟ ಆಡದವರೂ ಈಗ ಸಿನಿಮಾ ಪಾತ್ರಗಳನ್ನೂ ಆಫೀಸಿನ ಸಹೋದ್ಯೋಗಿಗಳನ್ನೂ ಕೂರಿಸಿ ನಗಾಡುವ ಆ ಚೌಕ? ಅದರ ಬೇರು 1976ರ ಫೆಬ್ರವರಿ ಸಂಚಿಕೆಯಲ್ಲಿ ಗೈಗ್ಯಾಕ್ಸ್ ಬರೆದ ಒಂದು ಲೇಖನದಲ್ಲಿದೆ. ಇವತ್ತು ಕಲ್ಲಲ್ಲಿ ಕೆತ್ತಿದಂತೆ ಕಾಣುವ ವಿಷಯಗಳು ಅವತ್ತು ‘ಹೀಗೆ ಮಾಡಿದರೆ ಹೇಗೆ?’ ಅನ್ನುವ ಧಾಟಿಯಲ್ಲಿ ಅಚ್ಚಾಗಿವೆ. 1976ರ ಜೂನ್‌ನಲ್ಲಿ ಇದೇ ಪತ್ರಿಕೆ ಟಿಮ್ ಕಾಸ್ಕ್ ಸಂಪಾದಕತ್ವದಲ್ಲಿ ‘ದಿ ಡ್ರಾಗನ್’ ಆಯಿತು.

ಅದಕ್ಕೂ ಮೊದಲೇ, 1975ರ ಜೂನ್‌ನಲ್ಲಿ, ಲಾಸ್ ಏಂಜಲೀಸ್‌ನಲ್ಲಿ ಇನ್ನೊಂದು ವಿಚಿತ್ರ ಶುರುವಾಗಿತ್ತು. ಹೆಸರು ‘ಅಲಾರಮ್ಸ್ ಅಂಡ್ ಎಕ್ಸ್‌ಕರ್ಶನ್ಸ್’. ನಡೆಸಿದವರು ಲೀ ಗೋಲ್ಡ್. ಇದಕ್ಕೆ ಲೇಖಕರು ಬೇರೆ, ಓದುಗರು ಬೇರೆ ಅಂತಿರಲಿಲ್ಲ. ಬರೆಯಬೇಕು ಅನ್ನಿಸಿದವರು ತಮ್ಮ ನಾಲ್ಕಾರು ಪುಟ ಟೈಪ್ ಮಾಡಿ ಕಳಿಸುತ್ತಿದ್ದರು. ಎಲ್ಲರ ಪುಟಗಳನ್ನೂ ಜೋಡಿಸಿ, ಪಿನ್ ಹೊಡೆದು ಎಲ್ಲರಿಗೂ ಅಂಚೆಯಲ್ಲಿ ಕಳಿಸುವುದು ಗೋಲ್ಡ್ ಅವರ ಕೆಲಸ. ನೀವು ಈ ತಿಂಗಳು ಬರೆದದ್ದಕ್ಕೆ ಮುಂದಿನ ತಿಂಗಳು ಹತ್ತು ಜನ ಉತ್ತರ ಕೊಡುತ್ತಾರೆ. ಅದಕ್ಕೆ ನೀವು ಅದರ ಮುಂದಿನ ತಿಂಗಳು. ಕಳೆದ ವಾರದ ಆಟದಲ್ಲಿ ಏನಾಯಿತು, ಯಾರು ಸತ್ತರು, ಯಾವ ನಿಯಮ ಕೈಕೊಟ್ಟಿತು, ಅದಕ್ಕೆ ನಾವು ಏನು ಮಾಡಿದೆವು, ಇದೇ ಮಾತು. ಗೈಗ್ಯಾಕ್ಸ್ ಕೂಡ ಶುರುವಿನಲ್ಲಿ ಅಲ್ಲಿಗೆ ಪತ್ರ ಬರೆದಿದ್ದರು. ಎರಡು ಮೂರು ವರ್ಷದಲ್ಲೇ ಡ್ರಾಗನ್ ಪುಟಗಳಲ್ಲಿ ಇಂಥ ಪತ್ರಿಕೆಗಳನ್ನೆಲ್ಲ ಅವರೇ ಕಡೆಗಣ್ಣಿನಿಂದ ನೋಡಿ ಬೈದರು. ಬೈದದ್ದಕ್ಕೆ ಏನೂ ಆಗಲಿಲ್ಲ. ಗೋಲ್ಡ್ ಅವರು ಅದನ್ನು ಸುಮಾರು 50 ವರ್ಷ ನಡೆಸಿದರು. ಬೈದ ಪತ್ರಿಕೆಯ ಅಚ್ಚು ಅದಕ್ಕಿಂತ ಎಷ್ಟೋ ಮೊದಲೇ ನಿಂತಿತು.

ನನ್ನನ್ನು ಈ ಪತ್ರಿಕೆಗಳಿಗೆ ಅಂಟಿಸಿದ್ದು ಅವುಗಳ ನಿಧಾನ. ಯೋಚಿಸಿ ನೋಡಿ. ಶನಿವಾರ ರಾತ್ರಿ ಒಬ್ಬನ ಪಾತ್ರ ಗೋಡೆಯಿಂದ ಬಿದ್ದಿದೆ. ಸತ್ತನೋ ಬದುಕಿದನೋ ತೀರ್ಮಾನ ಆಗಬೇಕು. ನಿಯಮ ಸರಿ ಕಾಣುತ್ತಿಲ್ಲ. ಪತ್ರಿಕೆಗೆ ಬರೆದು ಕೇಳಬಹುದು. ಪತ್ರ ಹೋಗಬೇಕು, ಯಾರೋ ಆರಿಸಬೇಕು, ಅಚ್ಚಾಗಬೇಕು, ಅಂಚೆಯವನು ತರಬೇಕು. ತಿಂಗಳುಗಳ ಮಾತು. ಬಿದ್ದವನನ್ನು ಅಷ್ಟು ದಿನ ಗಾಳಿಯಲ್ಲಿ ನಿಲ್ಲಿಸಲು ಆಗುವುದಿಲ್ಲ ಅಲ್ವಾ? ಹಾಗಾಗಿ ಆ ಮೇಜಿನಲ್ಲಿ ಕೂತವರೇ ಅವತ್ತೇ ಏನೋ ಒಂದು ನಿಯಮ ಮಾಡಿಕೊಂಡರು. ಉತ್ತರ ಬರುವ ಹೊತ್ತಿಗೆ ಅವರ ನಿಯಮ ಬೇರು ಬಿಟ್ಟಿತ್ತು. ಬಂದ ಉತ್ತರ ಅದಕ್ಕೆ ಹೊಂದಲಿಲ್ಲ. ಸರಿ, ಈಗ ಅವರು ಪತ್ರ ಬರೆಯಲು ಕೂತರು, ಈ ಸಲ ಕೇಳಲು ಅಲ್ಲ, ವಾದಿಸಲು.

ಡ್ರಾಗನ್‌ನಲ್ಲಿ 1979ರಿಂದ ‘ಸೇಜ್ ಅಡ್ವೈಸ್’ ಅಂತ ಪ್ರಶ್ನೋತ್ತರದ ಅಂಕಣ ಬರುತ್ತಿತ್ತು. ಮೊದಲು ಜೀನ್ ವೆಲ್ಸ್, ಮುಂದೆ ಬಹಳ ವರ್ಷ ಸ್ಕಿಪ್ ವಿಲಿಯಮ್ಸ್ ಉತ್ತರ ಕೊಟ್ಟರು. ಅಲ್ಲಿನ ಪ್ರಶ್ನೆಗಳನ್ನು ಸಾಲಾಗಿ ಓದುತ್ತಾ ಹೋದರೆ ಒಂದು ವಿಷಯ ಕಾಣುತ್ತದೆ. ಎಷ್ಟೋ ಪ್ರಶ್ನೆಗಳ ಹಿಂದೆ ಒಂದು ಸೋತ ವಾದ ಅಡಗಿ ಕೂತಿದೆ. ಮೇಜಿನಲ್ಲಿ ನಾಲ್ಕು ಜನ ಒಂದು ಕಡೆ, ಒಬ್ಬ ಒಂದು ಕಡೆ. ಆ ಒಬ್ಬ ಮನೆಗೆ ಹೋಗಿ ಪತ್ರ ಬರೆದಿದ್ದಾನೆ. ಉತ್ತರ ತನ್ನ ಪರ ಬಂದರೆ ಆ ಪುಟ ಹಿಡಿದುಕೊಂಡು ಮುಂದಿನ ಶನಿವಾರ ಹೋಗುತ್ತಾನೆ. ಬರದಿದ್ದರೆ ಆ ಸಂಚಿಕೆ ಕೊಂಡಿರುವುದನ್ನೇ ಯಾರಿಗೂ ಹೇಳುವುದಿಲ್ಲ. ಇದು ನನ್ನ ಊಹೆ. ಆದರೆ ಈ ಆಟ ಆಡಿದವರನ್ನು ಕೇಳಿ, ಊಹೆ ಅನ್ನುವುದಿಲ್ಲ.

ಮೊನ್ನೆ ನಮ್ಮ ಆಟದಲ್ಲಿ ಇಂಥದೇ ಅನುಮಾನ ಬಂತು. ಕತೆ ನಡೆಸುತ್ತಿದ್ದವನು ನಾನು. ಯೋಚಿಸಲು ಬಾಯಿ ತೆರೆಯುವಷ್ಟರಲ್ಲಿ ಒಬ್ಬ ಫೋನ್ ತೆಗೆದ. ಅರ್ಧ ನಿಮಿಷದಲ್ಲಿ ಆಟ ಬರೆದವರದೇ ಉತ್ತರ ಓದಿ ಹೇಳಿದ. ಸರಿಯಾದ ಉತ್ತರವೇ. ಆಟ ಮುಂದೆ ಹೋಯಿತು. ನಾನು ಹೇಳಲು ಹೊರಟಿದ್ದ ನಿಯಮ ತಪ್ಪಾಗಿತ್ತು, ಅದೂ ನಿಜ. ಆದರೂ ಆ ತಪ್ಪು ನಿಯಮ ಏನಾಗಿತ್ತು ಅಂತ ಈಗ ನನಗೇ ನೆನಪಿಲ್ಲ. ಅದು ಬದುಕಿದ್ದರೆ ನಮ್ಮ ಆಟ ಎತ್ತ ಹೋಗುತ್ತಿತ್ತೋ.

ಓದುಗರೇ ಬರೆದು ತುಂಬಿದ ಪತ್ರಿಕೆ ಅಂದರೆ ಬ್ರಿಟನ್ನಿನ ‘ವೈಟ್ ಡ್ವಾರ್ಫ್’ ನೆನಪಾಗುತ್ತದೆ. 1977ರ ಬೇಸಿಗೆಯಲ್ಲಿ ಗೇಮ್ಸ್ ವರ್ಕ್‌ಶಾಪ್ ಅನ್ನುವ ಕಂಪನಿ ಶುರು ಮಾಡಿದ್ದು. ಸಂಪಾದಕರು ಇಯಾನ್ ಲಿವಿಂಗ್‌ಸ್ಟನ್. ಅದರಲ್ಲಿ ‘ಫೀಂಡ್ ಫ್ಯಾಕ್ಟರಿ’ ಅಂತ ಒಂದು ಅಂಕಣ, ನೋಡಿಕೊಳ್ಳುತ್ತಿದ್ದವರು ಡಾನ್ ಟರ್ನ್‌ಬುಲ್. ಓದುಗರು ತಾವು ಕಟ್ಟಿದ ರಾಕ್ಷಸರನ್ನು ಕಳಿಸುವುದು, ಅದರಲ್ಲಿ ಚೆನ್ನಾಗಿರುವುದು ಅಚ್ಚಾಗುವುದು. ತುಂಬಾ ಸುಮಾರಾದವೂ ಅಚ್ಚಾಗಿವೆ, ಸುಳ್ಳು ಯಾಕೆ ಹೇಳಲಿ. ಕೆಲವು ಪ್ರಾಣಿಗಳನ್ನು ನೋಡಿದರೆ ಕಟ್ಟಿದವರಿಗೆ ಅವತ್ತು ಜ್ವರ ಬಂದಿತ್ತೇನೋ ಅನ್ನಿಸುತ್ತದೆ.

ಆದರೆ 12ನೇ ಸಂಚಿಕೆಯಲ್ಲಿ ಚಾರ್ಲ್ಸ್ ಸ್ಟ್ರಾಸ್ ಅನ್ನುವ ಹದಿಹರೆಯದ ಹುಡುಗನ ಒಂದು ಜನಾಂಗ ಬಂತು. ಗಿಥ್‌ಯಾಂಕಿ. ಹಿಂದೊಮ್ಮೆ ಮೈಂಡ್ ಫ್ಲೇಯರ್‌ಗಳ ಗುಲಾಮರಾಗಿದ್ದು, ತಿರುಗಿ ಬಿದ್ದು ಬಿಡಿಸಿಕೊಂಡ ಯೋಧರು. ಹೆಸರು ಹುಡುಗನ ಸ್ವಂತದ್ದೂ ಅಲ್ಲ. ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ಒಂದು ಕಾದಂಬರಿಯಿಂದ ಎತ್ತಿಕೊಂಡದ್ದು. ಮಾರ್ಟಿನ್ ಆಗ ಇನ್ನೂ ಜಗತ್ಪ್ರಸಿದ್ಧರಾಗಿರಲಿಲ್ಲ. ‘ಫೀಂಡ್ ಫ್ಯಾಕ್ಟರಿ’ಯ ಪ್ರಾಣಿಗಳನ್ನು ಆರಿಸಿ 1981ರಲ್ಲಿ ಟಿಎಸ್‌ಆರ್ ಪುಸ್ತಕ ಮಾಡಿದಾಗ ಮುಖಪುಟದಲ್ಲಿ ನಿಂತದ್ದು ಗಿಥ್‌ಯಾಂಕಿ. 2023ರಲ್ಲಿ ಬಂದ ಬಾಲ್ಡರ್ಸ್ ಗೇಟ್ 3 ವಿಡಿಯೊ ಗೇಮ್ ಆಡಿದವರಿಗೆ ಲಾಯೆಜೆಲ್ ಗೊತ್ತಿರುತ್ತಾಳೆ, ಆ ಸಿಡುಕಿನ ಹೆಣ್ಣು. ಅವಳೂ ಅದೇ ಜನಾಂಗ. ಅವಳ ಕತೆಯಲ್ಲಿ ಬರುವ ಮೈಂಡ್ ಫ್ಲೇಯರ್ 1975ರ ಸುದ್ದಿಪತ್ರದವನು, ಅವಳು ಬ್ರಿಟನ್ನಿನ ಹುಡುಗನ ಕೈಯವಳು. ಎರಡು ಪತ್ರಿಕೆ, ಎರಡು ಖಂಡ. ಸ್ಟ್ರಾಸ್ ಮುಂದೆ ಹೆಸರಾಂತ ವಿಜ್ಞಾನ ಕಾದಂಬರಿಕಾರರಾದರು.

ಕೆನಡಾದ ಎಡ್ ಗ್ರೀನ್‌ವುಡ್ ಅವರದೂ ಹೀಗೇ. 1979ರಿಂದ ಡ್ರಾಗನ್‌ಗೆ ಬರೆಯುತ್ತಾ, ಎಲ್ಮಿನ್‌ಸ್ಟರ್ ಅನ್ನುವ ಮುದಿ ಮಾಂತ್ರಿಕನ ಬಾಯಲ್ಲಿ ತಮ್ಮ ಲೋಕದ ಚೂರುಗಳನ್ನು ಹೇಳಿಸುತ್ತಾ ಹೋದರು. ಎಂಟು ವರ್ಷದ ಮೇಲೆ, 1987ರಲ್ಲಿ, ಟಿಎಸ್‌ಆರ್ ಆ ಇಡೀ ಲೋಕವನ್ನೇ ಕೊಂಡು ‘ಫರ್ಗಾಟನ್ ರೆಲ್ಮ್ಸ್’ ಅಂತ ಹೊರತಂದಿತು.

ವೈಟ್ ಡ್ವಾರ್ಫ್ 100ನೇ ಸಂಚಿಕೆಯ ಹೊತ್ತಿಗೆ, ಅಂದರೆ 1988ರ ಸುಮಾರಿಗೆ, ಪೂರ್ತಿ ತನ್ನ ಕಂಪನಿಯ ಗೊಂಬೆ ಸೈನ್ಯಗಳ ಪತ್ರಿಕೆಯಾಗಿ ಬದಲಾಯಿತು. ಇವತ್ತಿಗೂ ಬರುತ್ತಿದೆ. ಚಿತ್ರ ಚೆನ್ನ, ಕಾಗದ ಚೆನ್ನ. ನನಗೆ ಬೇಕಾದ ಜಗಳ ಮಾತ್ರ ಅದರಲ್ಲಿಲ್ಲ.

ಎಲ್ಲ ಜಗಳಗಳೂ ಮುದ್ದಾಗಿರಲಿಲ್ಲ ಅನ್ನುವುದನ್ನೂ ಹೇಳಬೇಕು. ಡ್ರಾಗನ್‌ನ ಮೂರನೇ ಸಂಚಿಕೆಯಲ್ಲಿ, 1976ರಲ್ಲಿ, ಹೆಣ್ಣು ಪಾತ್ರಗಳಿಗೆ ಬೇರೆಯದೇ ನಿಯಮ ಸೂಚಿಸುವ ಒಂದು ಲೇಖನವಿದೆ. ಮೈಬಲ ಅಳೆಯಲು ಎಲ್ಲರೂ 6 ಮುಖದ 3 ದಾಳ ಉರುಳಿಸಿದರೆ, ಹೆಂಗಸರಿಗೆ 8 ಮುಖದ್ದೊಂದು, 6 ಮುಖದ್ದೊಂದು. ಗಂಡಸು 18 ಮುಟ್ಟಬಹುದು, ಹೆಂಗಸು 14ಕ್ಕೆ ನಿಲ್ಲಬೇಕು. ಜನರನ್ನು ಒಲಿಸಿಕೊಳ್ಳುವ ಗುಣ ಇರುವ ಜಾಗದಲ್ಲಿ ಅವಳಿಗೆ ‘ಸೌಂದರ್ಯ’. ಓದುವಾಗ ಮುಜುಗರವಾಗಿ ಪುಟ ತಿರುಗಿಸಬೇಕು ಅನ್ನಿಸುತ್ತದೆ. 100 ಅಡಿಯಿಂದ ಬಿದ್ದು ಎದ್ದು ನಡೆಯುವ ಗಂಡಸು ಒಪ್ಪಿಗೆ, ಬಲವಾದ ಹೆಣ್ಣು ಮಾತ್ರ ಅಸಹಜ! ನಾಲ್ಕು ವರ್ಷದ ಮೇಲೆ, 1980ರ 39ನೇ ಸಂಚಿಕೆಯಲ್ಲಿ, ಹೆಂಗಸರಿಗೆ ಆಟದಲ್ಲಿ ಸಮಾನತೆ ಬೇಕು ಅಂತ ನೇರವಾಗಿ ಕೇಳುವ ಬರಹ ಬಂತು. ಬರೆದವರಲ್ಲಿ ಜೀನ್ ವೆಲ್ಸ್ ಇದ್ದರು. ಹೊಸ ರೂಲ್‌ಬುಕ್ಕುಗಳು ಇಂಥದ್ದನ್ನು ಅಳಿಸಿ ಸುಮ್ಮನಾಗುತ್ತವೆ. ಪತ್ರಿಕೆಯ ಕಟ್ಟಿನಲ್ಲಿ ಎರಡೂ ಪುಟ ಹಾಗೇ ಇವೆ.

ಇನ್ನು ವರ್ಮಿ. ಅವನ ಬಗ್ಗೆ ಬರೆಯದೆ ಮುಂದೆ ಹೋಗಲಾರೆ.

ವರ್ಮಿ ಅಂದರೆ ಸಿಗಾರ್ ಸೇದುವ, ಬಿಲಿಯರ್ಡ್ಸ್ ಥರದ ಪೂಲ್ ಆಡುವ ಒಂದು ಡ್ರಾಗನ್. ಡೇವಿಡ್ ಟ್ರಾಂಪಿಯರ್ ಬರೆದು ಚಿತ್ರಿಸುತ್ತಿದ್ದ ಕಾಮಿಕ್ಸ್. 1977ರ ಸೆಪ್ಟೆಂಬರ್‌ನಲ್ಲಿ ಶುರುವಾಯಿತು. ವರ್ಮಿ ಡ್ವಾರ್ಫ್‌ಗಳ ಬೌಲಿಂಗ್ ಚೆಂಡುಗಳನ್ನು ತನ್ನ ಪೂಲ್ ಆಟಕ್ಕೆ ಹಾರಿಸಿಕೊಂಡು ಬಂದಿದ್ದಾನೆ, ಅವರು ಕೇಳಲು ಬರುತ್ತಾರೆ. ಅಲ್ಲಿಂದ ಕತೆ ಎಲ್ಲೆಲ್ಲಿಗೋ ಹರಿಯುತ್ತದೆ. ಬರಬರುತ್ತಾ ಚಿತ್ರಗಳು ಎಷ್ಟು ಚೆಂದ ಆದವು ಅಂದರೆ, ಒಂದೊಂದು ಚೌಕವನ್ನೂ ಕತ್ತರಿಸಿ ಗೋಡೆಗೆ ಅಂಟಿಸಬಹುದು. ಟ್ರಾಂಪಿಯರ್ ಸಣ್ಣ ಕಲಾವಿದರಲ್ಲ. 1978ರ ಪ್ಲೇಯರ್ಸ್ ಹ್ಯಾಂಡ್‌ಬುಕ್ ಅನ್ನುವ ರೂಲ್‌ಬುಕ್ಕಿನ ಮುಖಪುಟ, ದೊಡ್ಡ ವಿಗ್ರಹದ ಕಣ್ಣಿನ ರತ್ನವನ್ನು ಕಳ್ಳರು ಕೀಳುತ್ತಿರುವ ಚಿತ್ರ, ಅವರದೇ.

1988ರ ಏಪ್ರಿಲ್, 132ನೇ ಸಂಚಿಕೆ. ವರ್ಮಿ ಇದೆ, ಕತೆ ನಡುವಿನಲ್ಲಿದೆ. ಮುಂದಿನ ಸಂಚಿಕೆಯಲ್ಲಿ ಇಲ್ಲ. ಅದರ ಮುಂದಿನದರಲ್ಲೂ ಇಲ್ಲ. ಟ್ರಾಂಪಿಯರ್ ಎಲ್ಲರ ಸಂಪರ್ಕದಿಂದ ಕಳಚಿಕೊಂಡುಬಿಟ್ಟರು. ತೀರಿಹೋಗಿರಬೇಕು ಅಂತಲೂ ಜನ ಮಾತಾಡಿಕೊಂಡರು. 14 ವರ್ಷ ಕಳೆದ ಮೇಲೆ, 2002ರಲ್ಲಿ, ಇಲಿನಾಯ್ ರಾಜ್ಯದ ಕಾರ್ಬನ್‌ಡೇಲ್‌ನ ಒಂದು ವಿದ್ಯಾರ್ಥಿ ಪತ್ರಿಕೆ ರಾತ್ರಿ ಪಾಳಿಯ ಟ್ಯಾಕ್ಸಿ ಚಾಲಕರೊಬ್ಬರ ಬಗ್ಗೆ ಬರಹ ಹಾಕಿತು, ಫೋಟೊ ಸಮೇತ. ಅದು ಟ್ರಾಂಪಿಯರ್. ಹಳೆಯ ಅಭಿಮಾನಿಗಳು ಹುಡುಕಿಕೊಂಡು ಹೋದರೂ ಅವರು ಚಿತ್ರಕ್ಕೆ ಮರಳಲಿಲ್ಲ. 2014ರಲ್ಲಿ, ಅದೇ ಊರಿನ ಒಂದು ಗೇಮ್ ಮೇಳದಲ್ಲಿ ತಮ್ಮ ಮೂಲ ಚಿತ್ರಗಳನ್ನು ತೋರಿಸಲು ಕೊನೆಗೂ ಒಪ್ಪಿದ್ದರಂತೆ. ಅದಕ್ಕೆ ಕೆಲವೇ ವಾರ ಮೊದಲು, ಮಾರ್ಚ್‌ನಲ್ಲಿ, ತೀರಿಕೊಂಡರು.

ವರ್ಮಿಯ ಆ ಕೊನೆಯ ಪುಟ ನನ್ನ ಕಟ್ಟಿನಲ್ಲಿದೆ. ಕೊನೆ ಅಂತ ಆ ಪುಟಕ್ಕೆ ಗೊತ್ತಿಲ್ಲ. ಅವತ್ತು ಓದಿದವರು ‘ಮುಂದಿನ ತಿಂಗಳು ನೋಡೋಣ’ ಅಂತ ಮಡಚಿಟ್ಟಿರುತ್ತಾರೆ. ಕಾರಣ ಏನಿತ್ತು ಅಂತ ಕೆದಕುವುದನ್ನು ನಾನು ಬಿಟ್ಟಿದ್ದೇನೆ. ಒಬ್ಬ ಮನುಷ್ಯ ಮೇಜಿನಿಂದ ಎದ್ದು ಹೋದ. ಹೋಗುವ ಹಕ್ಕು ಅವನಿಗಿತ್ತು.

ಜಾಹೀರಾತುಗಳ ಬಗ್ಗೆ ಬರೆದರೆ ಅದೇ ಒಂದು ಬೇರೆ ಬರಹವಾಗುತ್ತದೆ. ದಾಳ, ಸೀಸದ ಗೊಂಬೆ, ಅಂಚೆಯಲ್ಲಿ ಆಡುವ ಆಟ. ನಿಮ್ಮ ನಡೆ ಬರೆದು ಕಳಿಸಿ, ವಾರಗಳ ಮೇಲೆ ಫಲಿತಾಂಶ ಬರುತ್ತದೆ! ದಾಳದ ಜಾಹೀರಾತು ಅಷ್ಟೊಂದು ಯಾಕೆ ಅಂದರೆ, ಆ ಕಾಲದಲ್ಲಿ 20 ಮುಖದ ದಾಳ ಸಲೀಸಾಗಿ ಸಿಗುತ್ತಿರಲಿಲ್ಲ. ಸಿಕ್ಕರೂ ಅದರ ಅಂಕಿಗೆ ಬಣ್ಣ ಇರುತ್ತಿರಲಿಲ್ಲ. ಜೊತೆಗೆ ಕೊಟ್ಟ ಮೇಣದ ಕ್ರೆಯಾನ್ ತಿಕ್ಕಿ ನೀವೇ ತುಂಬಿಕೊಳ್ಳಬೇಕು. 1979ರ ಸುಮಾರಿಗೆ ದಾಳಕ್ಕೆ ಎಷ್ಟು ಬರ ಬಂತು ಅಂದರೆ, ಟಿಎಸ್‌ಆರ್ ಕೆಲವು ಪೆಟ್ಟಿಗೆಗಳಲ್ಲಿ ಅಂಕಿ ಬರೆದ ರಟ್ಟಿನ ಚೂರುಗಳನ್ನು ಹಾಕಿ ಕೊಟ್ಟಿತು. ಚೀಟಿ ಎತ್ತಿದಂತೆ ಎತ್ತಿ ಆಡಬೇಕು.

ಮುಗಿದದ್ದರ ಕತೆ ಬೇಗ ಹೇಳಿಬಿಡುತ್ತೇನೆ, ನನಗೆ ಅದರಲ್ಲಿ ರುಚಿ ಕಡಿಮೆ. ಟಿಎಸ್‌ಆರ್ ಸಾಲದಲ್ಲಿ ಮುಳುಗಿ, ಮುದ್ರಕರಿಗೆ ಹಣ ಕೊಡಲಾಗದೆ, 1997ರಲ್ಲಿ ಡ್ರಾಗನ್ ಕೆಲವು ತಿಂಗಳು ಬರಲೇ ಇಲ್ಲ. ವಿಜಾರ್ಡ್ಸ್ ಆಫ್ ದಿ ಕೋಸ್ಟ್ ಕಂಪನಿ ಎಲ್ಲವನ್ನೂ ಕೊಂಡಿತು. 1999ರಲ್ಲಿ ಮೊದಲ 250 ಸಂಚಿಕೆಗಳನ್ನು ಸಿಡಿಗಳಲ್ಲಿ ಹಾಕಿ ಮಾರಿದರು. ಬರೆದವರ, ಚಿತ್ರಿಸಿದವರ ಹಕ್ಕಿನ ಮಾತು ಎದ್ದು ಅದೂ ಒಂದು ಜಗಳವಾಯಿತು. 2002ರಲ್ಲಿ ಪತ್ರಿಕೆಯ ಹೊಣೆ ಪೈಜೊ ಅನ್ನುವ ಕಂಪನಿಗೆ ಹೋಯಿತು. 2007ರ ಸೆಪ್ಟೆಂಬರ್‌ನಲ್ಲಿ 359ನೇ ಸಂಚಿಕೆಯೊಂದಿಗೆ ಅಚ್ಚಾದ ಡ್ರಾಗನ್ ನಿಂತಿತು. ಅದರ ತಮ್ಮ ‘ಡಂಜನ್’ ಕೂಡ 150ಕ್ಕೆ ನಿಂತಿತು. ಅಚ್ಚಿನ ಪತ್ರಿಕೆ ಕೈತಪ್ಪಿದ ಪೈಜೊ ತನ್ನದೇ ‘ಪಾತ್‌ಫೈಂಡರ್’ ಶುರು ಮಾಡಿ ಡಂಜನ್ಸ್ ಅಂಡ್ ಡ್ರಾಗನ್ಸ್‌ಗೇ ಎದುರಾಳಿಯಾಯಿತು.

ಈ ಡಂಜನ್ ಬಗ್ಗೆ ಒಂದಿಷ್ಟು ಹೇಳಲೇಬೇಕು. 1986ರಲ್ಲಿ ಶುರುವಾದ ಈ ಪತ್ರಿಕೆಯಲ್ಲಿ ಇರುತ್ತಿದ್ದದ್ದು ಆಡಲು ಸಿದ್ಧವಾದ ಸಾಹಸಗಳು, ಹೆಚ್ಚಿನವು ಓದುಗರೇ ಬರೆದು ಕಳಿಸಿದವು. ಒಂದು ನಕ್ಷೆ, ಕೋಣೆಗಳಿಗೆ ನಂಬರು, ಒಂದೊಂದು ಕೋಣೆಯಲ್ಲಿ ಏನಿದೆ ಅನ್ನುವ ವಿವರ. ಓದಲು ಸ್ವಲ್ಪ ಬೋರು ಹೊಡೆಸುತ್ತದೆ. ಅಡುಗೆ ಪುಸ್ತಕವನ್ನು ಕಾದಂಬರಿಯಂತೆ ಓದಿದ ಹಾಗೆ.

ಈ ಪತ್ರಿಕೆಗಳ ಒಂದು ಕೊರತೆಯೂ ಡಂಜನ್ ಓದುವಾಗಲೇ ಎದ್ದು ಕಾಣುವುದು. ಇವುಗಳಲ್ಲಿ ಎಲ್ಲ ಇದೆ, ಆಟ ಮಾತ್ರ ಇಲ್ಲ. ಆಟಕ್ಕೆ ಮುಂಚಿನ ತಯಾರಿ ಇದೆ. ಆಟದ ನಂತರದ ಜಗಳ ಇದೆ. ನಡುವೆ ನಾಲ್ಕು ಜನ ಕೂತು ನಕ್ಕು, ಕೂಗಾಡಿ, ದಾಳ ಉರುಳಿಸಿದ ಆ ರಾತ್ರಿ ಯಾವ ಪುಟದಲ್ಲೂ ಇಲ್ಲ. ಚದುರಂಗ ಆಡಿದವರು ನಡೆಗಳನ್ನು ಬರೆದಿಡುತ್ತಾರೆ. ಇದಕ್ಕೆ ಅದೂ ಇಲ್ಲ.

ನನ್ನ ಕಟ್ಟಿನ ಒಂದು ಡಂಜನ್ ಸಂಚಿಕೆಯನ್ನು ಯಾರೋ ಆಡಿದ್ದಾರೆ. ಒಂದು ನಕ್ಷೆಯ ಮೇಲೆ ಪೆನ್ಸಿಲ್ ಗುರುತುಗಳಿವೆ. ಬಾಗಿಲಿಂದ ಬಾಗಿಲಿಗೆ ಸಣ್ಣ ಬಾಣ, ಮುಗಿದ ಕೋಣೆಗೆ ಟಿಕ್. ಅಂಚಿನಲ್ಲಿ ಒಂದು ಲೆಕ್ಕ: 41, 33, 30, 18, 7. ಅದರ ಮುಂದೆ ಅಂಕಿ ಇಲ್ಲ, ಒಂದು ಗೀಟು. ಮನುಷ್ಯನದೋ ರಾಕ್ಷಸನದೋ ಗೊತ್ತಾಗುವುದಿಲ್ಲ. ಸಾಹಸ ಬರೆದವರು 14ನೇ ಕೋಣೆಗೆ ಒಂದೂವರೆ ಪುಟ ಕೊಟ್ಟಿದ್ದಾರೆ. ಇಡೀ ಕತೆಯ ಗುಟ್ಟು ಅಲ್ಲಿದೆ, ದೊಡ್ಡ ಕಾಳಗ ಅಲ್ಲಿದೆ, ನಿಧಿಯೂ ಅಲ್ಲೇ. ಪೆನ್ಸಿಲ್ ಬಾಣ 9ನೇ ಕೋಣೆಯ ತನಕ ಹೋಗಿದೆ. ಅಲ್ಲಿ ಒಂದು ಕಿಟಕಿ ಇದೆ ಅಂತ ವಿವರದಲ್ಲಿ ಅರ್ಧ ಸಾಲು ಬರೆದಿದ್ದಾರೆ, ಗೋಡೆಯ ಆಚೆ 40 ಅಡಿ ಕೆಳಗೆ ನದಿ ಅಂತ. ಬಾಣ ಆ ಕಿಟಕಿಯಿಂದ ಹೊರಗೆ ಹೋಗಿದೆ. ಪಕ್ಕದಲ್ಲಿ ನಾಲ್ಕು ಸಣ್ಣ ಚೌಕ, ಒಂದೊಂದರ ಒಳಗೂ ಒಂದೊಂದು ಅಂಕಿ: 2, 5, 1, 3.

ಹತ್ತು ಅಡಿಗೊಂದು ದಾಳ.